ಬೆಂಕಿ ಹುಡುಕುವುದು ಸಂದನ್ನು

ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಒಂದು ಗೋಡೆಯನ್ನು ಉಕ್ಕಿನ ಚೌಕಟ್ಟಿನಲ್ಲಿ ಕೂರಿಸಿ ಕುಲುಮೆಯ ಬಾಯಿಗೆ ಅಡ್ಡಲಾಗಿ ನಿಲ್ಲಿಸುತ್ತಾರೆ. ಒಳಗೆ ಬರ್ನರ್‌ಗಳು ಹೊತ್ತಿಕೊಳ್ಳುತ್ತವೆ. ಐದನೇ ನಿಮಿಷಕ್ಕೆ ಕುಲುಮೆಯೊಳಗಿನ ತಾಪ 576 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅರ್ಧ ಗಂಟೆಗೆ 842, ಒಂದು ಗಂಟೆಗೆ 945, ಎರಡು ಗಂಟೆಗೆ 1,049. ಐಎಸ್‌ಒ 834 ಎಂಬ ಅಂತರರಾಷ್ಟ್ರೀಯ ಮಾನಕ ಹಾಕಿಕೊಟ್ಟ ಲೆಕ್ಕ ಇದು. ಗೋಡೆಯ ಈಚೆ ಬದಿಯಲ್ಲಿ, ಬೆಂಕಿ ಇಲ್ಲದ ಕಡೆ, ತಾಪ ಅಳೆಯುವ ತಂತಿಗಳನ್ನು ಅಲ್ಲಲ್ಲಿ ಅಂಟಿಸಿರುತ್ತಾರೆ. ಒಬ್ಬರು ಹತ್ತಿಯ ಸಣ್ಣ ಮೆತ್ತೆಯೊಂದನ್ನು ತಂತಿಯ ಹಿಡಿಕೆಗೆ ಸಿಕ್ಕಿಸಿಕೊಂಡು, ಗೋಡೆಯಲ್ಲಿ ಬಿರುಕು ಕಂಡ ಕಡೆಯಲ್ಲೆಲ್ಲ ಹಿಡಿಯುತ್ತಾರೆ. ಹತ್ತಿ ಹೊತ್ತಿಕೊಂಡರೆ ಗೋಡೆ ಸೋತಿತು. 25 ಮಿಲಿಮೀಟರ್ ದಪ್ಪದ ಸರಳು ಬಿರುಕಿನ ಮೂಲಕ ಆಚೆಗೆ ತೂರಿದರೂ ಸೋತಿತು. ಬೆಂಕಿ ಕಾಣದ ಮೈ ಆರಂಭದ ತಾಪದ ಮೇಲೆ ಸರಾಸರಿ 140 ಡಿಗ್ರಿಗಿಂತ ಹೆಚ್ಚು, ಅಥವಾ ಯಾವುದಾದರೂ ಒಂದೇ ಜಾಗದಲ್ಲಿ 180 ಡಿಗ್ರಿಗಿಂತ ಹೆಚ್ಚು ಬಿಸಿಯೇರಿದರೂ ಸೋತಿತು. ಭಾರ ಹೊರುವ ಗೋಡೆಯಾದರೆ, ಮೇಲಿನ ಭಾರವನ್ನು ಹೊತ್ತುಕೊಂಡೇ ಇದೆಲ್ಲವನ್ನೂ ತಾಳಬೇಕು.

ಹೀಗೆ ತಾಳಿದ ನಿಮಿಷಗಳನ್ನು ಎಣಿಸಿ 60, 90, 120 ಎಂದು ದರ್ಜೆ ಕೊಡುತ್ತಾರೆ. ಫ್ಲ್ಯಾಟ್ ಮಾರುವವರ ಕೈಪಿಡಿಯಲ್ಲಿ, ಪ್ಯಾನೆಲ್ ಮಾರುವವರ ಜಾಹೀರಾತಿನಲ್ಲಿ ‘ಎರಡು ಗಂಟೆ ಫೈರ್ ರೇಟೆಡ್’ ಎಂದು ಕಾಣುವುದು ಈ ಅಂಕಿ. ಓದಿದವರಿಗೆ ‘ಬೆಂಕಿ ಬಿದ್ದರೂ ಎರಡು ಗಂಟೆ ಭಯವಿಲ್ಲ’ ಎಂದು ಅನಿಸುವುದು ಸಹಜ. ಆ ಅಂಕಿ ಹೇಳುವುದು ಅದಕ್ಕಿಂತ ತುಂಬ ಕಡಿಮೆ. ಇಂಥ ಅಳತೆಯ, ಇಂಥ ಪದರಗಳ, ಇಂಥ ಸಂದುಗಳ, ಇಂಥ ಸ್ಕ್ರೂಗಳಿಂದ ಬಿಗಿದ ಒಂದು ಗೋಡೆ, ಇಂಥ ದಿನ, ಇಂಥ ಕುಲುಮೆಯ ಮುಂದೆ ಅಷ್ಟು ಹೊತ್ತು ನಿಂತಿತು ಎಂದಷ್ಟೇ. ನಿಮ್ಮ ಮನೆಯಲ್ಲಿ ನಿಂತಿರುವುದು ಅದೇ ಗೋಡೆಯೇ ಎಂಬ ಪ್ರಶ್ನೆಗೆ ಕುಲುಮೆಯಲ್ಲಿ ಉತ್ತರವಿಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಬಂದು ಜೋಡಣೆಯಾಗುವ ಹೊಸ ಬಗೆಯ ಕಟ್ಟಡಗಳಲ್ಲಿ ಅಗ್ನಿ ಸುರಕ್ಷತೆಯ ಪುರಾವೆ ಎಂಬುದು ಇಷ್ಟು ಕಠಿಣವಾಗುವುದು ಇಲ್ಲಿಯೇ.

ಇಟ್ಟಿಗೆ ಗೋಡೆಗೂ ಆರ್‌ಸಿಸಿ ಕಂಬಕ್ಕೂ ಈ ತಾಪತ್ರಯ ಇಷ್ಟಿಲ್ಲ. ಇಷ್ಟು ದಪ್ಪದ ಇಟ್ಟಿಗೆ ಗೋಡೆ ಇಷ್ಟು ಗಂಟೆ, ಕಂಬಿಯ ಮೇಲೆ ಇಷ್ಟು ಕಾಂಕ್ರೀಟ್ ಕವರ್ ಇದ್ದರೆ ಇಷ್ಟು ಗಂಟೆ ಎಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯ ನಾಲ್ಕನೇ ಭಾಗದಲ್ಲಿ ಪಟ್ಟಿಯೇ ಇದೆ. ಎಂಜಿನಿಯರ್ ಪಟ್ಟಿ ನೋಡಿ ವಿನ್ಯಾಸ ಮಾಡುತ್ತಾರೆ. ಆ ಪಟ್ಟಿಯ ಹಿಂದೆ ದಶಕಗಳ ಪರೀಕ್ಷೆಗಳೂ ನಿಜವಾದ ಬೆಂಕಿಗಳ ಅನುಭವವೂ ಇವೆ. ಹೊಸ ಪ್ಯಾನೆಲ್‌ಗೆ ಅಂಥ ಬೆನ್ನಾಸರೆ ಇಲ್ಲ. ಮೊನ್ನೆ ಹುಟ್ಟಿದ ವಸ್ತುವನ್ನು ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ‘ಇದು ಸುರಕ್ಷಿತ’ ಎಂದು ತೋರಿಸುವ ಹೊಣೆ ಪೂರ್ತಿ ಅದನ್ನು ತಯಾರಿಸಿದವರ ಮೇಲೆ, ಅದನ್ನು ಆರಿಸಿಕೊಂಡವರ ಮೇಲೆ ಬೀಳುತ್ತದೆ.

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಒಂದು ಗೊಂದಲವಿದೆ. ವಸ್ತು ಹೊತ್ತಿಕೊಳ್ಳುತ್ತದೆಯೇ ಎಂಬುದು ಒಂದು ಪ್ರಶ್ನೆ; ಅದು ಬೆಂಕಿಯನ್ನು ತಡೆದು ನಿಲ್ಲುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಉರಿಯುವುದೇ ಇಲ್ಲ. ಆದರೆ ಒಂದು ಬದಿಗೆ ಬೆಂಕಿ ತಾಗಿದರೆ ಇನ್ನೊಂದು ಬದಿಯ ಪರದೆಗೆ ಕಿಡಿ ಹತ್ತಿಸುವಷ್ಟು ಬಿಸಿಯನ್ನು ಕೆಲವೇ ನಿಮಿಷಗಳಲ್ಲಿ ದಾಟಿಸಿಬಿಡುತ್ತದೆ. ದಪ್ಪ ಮರದ ತೊಲೆ ಖಂಡಿತ ಉರಿಯುತ್ತದೆ. ಆದರೆ ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಆಳಕ್ಕೆ ಇದ್ದಿಲಾಗುತ್ತ ಹೋಗುತ್ತದೆ. ಆ ಇದ್ದಿಲೇ ಒಳಗಿನ ಮರವನ್ನು ಕಾಯುತ್ತದೆ. ತೊಲೆ ಸಾಕಷ್ಟು ಹೊತ್ತು ಭಾರ ಹೊರುತ್ತದೆ. ‘ನಮ್ಮ ಪ್ಯಾನೆಲ್ ಬೆಂಕಿಗೆ ಹೊತ್ತಿಕೊಳ್ಳುವುದಿಲ್ಲ’ ಎಂಬ ಪತ್ರವನ್ನು ಮುಂದಿಟ್ಟು, ಎರಡು ಫ್ಲ್ಯಾಟ್‌ಗಳ ನಡುವೆ ಅದನ್ನು ನಿಲ್ಲಿಸಲು ಒಪ್ಪಿಗೆ ಕೇಳಿದರೆ, ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಸ್ಯಾಂಡ್‌ವಿಚ್ ಪ್ಯಾನೆಲ್ ನೋಡೋಣ. ಹೊರಗೆ ಎರಡು ತೆಳು ಹಾಳೆ, ನಡುವೆ ತಿರುಳು. ತಿರುಳು ಥರ್ಮೋಕೋಲ್ ಆಗಿರಬಹುದು, ಪಫ್ ಎಂಬ ಪಾಲಿಯುರೆಥೇನ್ ಫೋಮ್ ಆಗಿರಬಹುದು, ಕಲ್ಲಿನ ಎಳೆಗಳಿಂದ ಮಾಡಿದ ರಾಕ್‌ವೂಲ್ ಆಗಿರಬಹುದು. ಬಣ್ಣ ಹೊಡೆದ ಮೇಲೆ ಮೂರೂ ಹೊರಗಿನಿಂದ ಒಂದೇ. ಥರ್ಮೋಕೋಲ್ ನೂರು ಡಿಗ್ರಿಯ ಆಸುಪಾಸಿಗೇ ಮೆತ್ತಗಾಗಿ ಕುಗ್ಗತೊಡಗುತ್ತದೆ. ಹಾಳೆಗಳ ನಡುವೆ ಟೊಳ್ಳಾಗುತ್ತದೆ. ಕರಗಿದ್ದು ಆವಿಯಾಗಿ ಹೊತ್ತಿಕೊಳ್ಳುತ್ತದೆ. ರಾಕ್‌ವೂಲ್ ಸಾವಿರ ಡಿಗ್ರಿ ತಾಳುತ್ತದೆ. ಬೆಂಗಳೂರಿನ ತಾರಸಿಗಳ ಮೇಲೆ, ಗೋದಾಮುಗಳಲ್ಲಿ, ಕಾಮಗಾರಿ ಸ್ಥಳದ ಕಚೇರಿಗಳಲ್ಲಿ ಇಂಥ ಪ್ಯಾನೆಲ್‌ಗಳನ್ನು ದಿನವೂ ಕಾಣುತ್ತೇವೆ. ಒಳಗೆ ಏನಿದೆ ಎಂದು ತಿಳಿಯಲು ತುದಿಯನ್ನು ಕೊರೆದು ನೋಡಬೇಕು, ಇಲ್ಲವೇ ಬಿಲ್ಲು, ಬ್ಯಾಚ್ ನಂಬರು, ಪರೀಕ್ಷಾ ವರದಿ ಮೂರನ್ನೂ ಎದುರೆದುರು ಇಟ್ಟು ತಾಳೆ ನೋಡಬೇಕು.

ಇನ್ನು ಹಗುರ ಉಕ್ಕಿನ ಚೌಕಟ್ಟಿನ ಮನೆಗಳು. ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ತಗಡನ್ನು ಮಡಚಿ ಮಾಡಿದ ಕಂಬಗಳು, ಅವುಗಳ ಎರಡೂ ಕಡೆ ಜಿಪ್ಸಮ್ ಬೋರ್ಡು. ಉಕ್ಕು 600 ಡಿಗ್ರಿ ಮುಟ್ಟುವ ಹೊತ್ತಿಗೆ ತನ್ನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತದೆ. ತೆಳು ಉಕ್ಕು ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಡ. ಅದನ್ನು ಕಾಪಾಡುವುದು ಜಿಪ್ಸಮ್. ಅದರ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹರಳಿನೊಳಗೆ ಬಂದಿಯಾದ ನೀರು. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೊರಡುತ್ತದೆ; ಹೊರಡುವಷ್ಟು ಹೊತ್ತೂ ಬೋರ್ಡಿನ ಹಿಂಬದಿಯ ತಾಪ ನೂರು ಡಿಗ್ರಿಯ ಸುತ್ತಮುತ್ತ ತಡೆದು ನಿಲ್ಲುತ್ತದೆ. ನೀರು ಮುಗಿದ ಮೇಲೆ ಬೋರ್ಡು ಕುಗ್ಗಿ, ಬಿರಿದು, ಕೊನೆಗೆ ಉದುರುತ್ತದೆ. ಅದು ಯಾವಾಗ ಉದುರುತ್ತದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಅದನ್ನು ತೀರ್ಮಾನಿಸುವುದು ಸ್ಕ್ರೂ. ಎಷ್ಟು ಉದ್ದದ ಸ್ಕ್ರೂ, ಎಷ್ಟೆಷ್ಟು ಅಂತರದಲ್ಲಿ, ಬೋರ್ಡಿನ ಅಂಚಿನಿಂದ ಎಷ್ಟು ಒಳಗೆ, ಎರಡು ಪದರದ ಬೋರ್ಡುಗಳ ಸಂದುಗಳು ಒಂದರ ಮೇಲೊಂದು ಬಿದ್ದಿವೆಯೇ ಇಲ್ಲವೇ. ಪ್ರಯೋಗಾಲಯದಲ್ಲಿ ಅನುಭವಿಯೊಬ್ಬರು ಅಳತೆಪಟ್ಟಿ ಹಿಡಿದು ಬಿಗಿದ ಸ್ಕ್ರೂಗಳನ್ನು, ಕಾಮಗಾರಿಯ ಕೊನೆಯ ವಾರದ ಧಾವಂತದಲ್ಲಿ ಒಂದು ಬಿಟ್ಟು ಒಂದು ಬಿಗಿದರೆ, ಪ್ರಮಾಣಪತ್ರದ ಮೇಲಿನ ಅಂಕಿಗೂ ಆ ಗೋಡೆಗೂ ಸಂಬಂಧ ಕಡಿದುಹೋಯಿತು.

ಸಂದಿನ ಮಾತಿಗೆ ಬಂದೆ. ಕಾರ್ಖಾನೆಯಲ್ಲಿ ಮಾಡಿದ ಭಾಗಗಳ ಕಟ್ಟಡವೆಂದರೆ ಸಂದುಗಳ ಕಟ್ಟಡ. ಭಾಗಗಳನ್ನು ಯಂತ್ರ ಮಾಡುತ್ತದೆ, ಅವುಗಳ ಗುಣಮಟ್ಟ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸಂದನ್ನು ಮಾಡುವುದು ಮನುಷ್ಯ, ಎತ್ತರದಲ್ಲಿ, ಬಿಸಿಲಲ್ಲಿ, ಮಳೆಯಲ್ಲಿ. ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡ ದೊಡ್ಡ ಕಾಂಕ್ರೀಟ್ ಪ್ಯಾನೆಲ್‌ಗಳನ್ನು ಜೋಡಿಸಿ ಎದ್ದದ್ದು. 1968ರ ಮೇ 16ರ ಬೆಳಿಗ್ಗೆ 18ನೇ ಮಹಡಿಯ ಅಡುಗೆಮನೆಯಲ್ಲಿ ಗ್ಯಾಸ್ ಸ್ಫೋಟವಾಗಿ ಒಂದು ಹೊರಗೋಡೆ ಚಿಮ್ಮಿ ಹೋಯಿತು, ಕಟ್ಟಡದ ಒಂದು ಮೂಲೆ ಮೇಲಿಂದ ಕೆಳತನಕ ಕುಸಿಯಿತು, ನಾಲ್ವರು ಸತ್ತರು. 1986ರಲ್ಲಿ ಆ ಕಟ್ಟಡವನ್ನು ಬಿಚ್ಚುವಾಗ ಸಂದುಗಳನ್ನು ಎಷ್ಟು ಕೆಟ್ಟದಾಗಿ ತುಂಬಿದ್ದರೆಂಬುದು ಬಯಲಾಯಿತು. ಪ್ಯಾನೆಲ್‌ಗಳು ಗಟ್ಟಿಯಾಗಿದ್ದವು. ಅವುಗಳನ್ನು ಒಂದಕ್ಕೊಂದು ಹಿಡಿದಿಡಬೇಕಾದದ್ದು ಗಟ್ಟಿಯಿರಲಿಲ್ಲ.

ಬೆಂಕಿಯ ವಿಷಯದಲ್ಲಿ ಸಂದು ಇನ್ನೂ ಕ್ರೂರ. ಕೋಣೆಯನ್ನೇ ಇಡಿಯಾಗಿ ಕಾರ್ಖಾನೆಯಲ್ಲಿ ಮಾಡಿ, ಲಾರಿಯಲ್ಲಿ ತಂದು, ಕ್ರೇನಿನಲ್ಲಿ ಒಂದರ ಮೇಲೊಂದು ಪೇರಿಸುವ ಮಾಡ್ಯುಲರ್ ಕಟ್ಟಡದಲ್ಲಿ ಪ್ರತಿ ಕೋಣೆಗೂ ತನ್ನದೇ ಗೋಡೆ, ತನ್ನದೇ ನೆಲ, ತನ್ನದೇ ಛಾವಣಿ. ಪಕ್ಕಪಕ್ಕದ ಎರಡು ಕೋಣೆಗಳ ನಡುವೆ, ಮೇಲಿನ ನೆಲಕ್ಕೂ ಕೆಳಗಿನ ಛಾವಣಿಗೂ ನಡುವೆ ಟೊಳ್ಳು ಉಳಿಯುತ್ತದೆ. ಈ ಟೊಳ್ಳುಗಳು ಒಂದಕ್ಕೊಂದು ಕೂಡಿಕೊಂಡರೆ ಇಡೀ ಕಟ್ಟಡದ ಒಳಗೆ ಯಾರ ಕಣ್ಣಿಗೂ ಬೀಳದ ಹೊಗೆಗೂಡು ತಯಾರಾಗುತ್ತದೆ. ಅದಕ್ಕೇ ಅಲ್ಲಲ್ಲಿ ಬೆಂಕಿ ತಡೆಯುವ ಅಡ್ಡಪಟ್ಟಿಗಳನ್ನು ತುಂಬಬೇಕು. 2019ರ ಸೆಪ್ಟೆಂಬರಿನಲ್ಲಿ ದಕ್ಷಿಣ ಲಂಡನ್ನಿನ ವೋರ್ಸೆಸ್ಟರ್ ಪಾರ್ಕ್‌ನಲ್ಲಿ ರಿಚ್ಮಂಡ್ ಹೌಸ್ ಎಂಬ 23 ಫ್ಲ್ಯಾಟುಗಳ, ಮರದ ಚೌಕಟ್ಟಿನ ಕಟ್ಟಡ ಒಂದು ರಾತ್ರಿಯಲ್ಲಿ ಸುಟ್ಟು ಬೂದಿಯಾಯಿತು. ಜನ ಓಡಿ ಹೊರಬಂದು ಬದುಕಿಕೊಂಡರು. ಟೊಳ್ಳಿನಲ್ಲಿ ಇರಬೇಕಿದ್ದ ಅಡ್ಡಪಟ್ಟಿಗಳು ಕೆಲವೆಡೆ ಇರಲೇ ಇಲ್ಲ, ಕೆಲವೆಡೆ ಸರಿಯಾಗಿ ಕೂತಿರಲಿಲ್ಲ ಎಂದು ಆಮೇಲಿನ ತನಿಖೆಯಲ್ಲಿ ಗೊತ್ತಾಯಿತು. ಮುಗಿದ ಕಟ್ಟಡದ ಮುಂದೆ ನಿಂತು ನೋಡುವ ಯಾವ ಅಧಿಕಾರಿಗೂ ಆ ಪಟ್ಟಿಗಳು ಕಾಣುವುದಿಲ್ಲ. ಬೋರ್ಡು ಮುಚ್ಚುವ ಮೊದಲೇ ನೋಡಬೇಕು, ಫೋಟೊ ತೆಗೆದಿಡಬೇಕು.

ಇದೆಲ್ಲದರ ಅತಿ ದೊಡ್ಡ, ಅತಿ ದುಃಖದ ಪಾಠ ಗ್ರೆನ್‌ಫೆಲ್ ಟವರ್. ಪಶ್ಚಿಮ ಲಂಡನ್ನಿನ 24 ಅಂತಸ್ತಿನ ಈ ಕಟ್ಟಡದ ಮೂಲ ಮೈ ಕಾಂಕ್ರೀಟಿನದು. 2016ರಲ್ಲಿ ಮುಗಿದ ನವೀಕರಣದಲ್ಲಿ ಅದಕ್ಕೆ ಕಾರ್ಖಾನೆಯಿಂದ ಬಂದ ಹೊಸ ಹೊದಿಕೆ ತೊಡಿಸಿದರು. ಹೊರಗೆ ಎರಡು ಅಲ್ಯುಮಿನಿಯಂ ಹಾಳೆಗಳ ನಡುವೆ ಪಾಲಿಥೀನ್ ತಿರುಳಿನ ಪ್ಯಾನೆಲ್, ಅದರ ಹಿಂದೆ ಗಾಳಿಯಾಡುವ ಟೊಳ್ಳು, ಅದರ ಹಿಂದೆ ಚಳಿ ತಡೆಯುವ ಫೋಮ್. 2017ರ ಜೂನ್ 14ರ ನಡುರಾತ್ರಿ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಫ್ರಿಜ್‌ನ ಬಳಿ ಬೆಂಕಿ ಹುಟ್ಟಿತು. ಅಡುಗೆಮನೆಯ ಬೆಂಕಿ ಸಾಧಾರಣವಾಗಿ ಅಡುಗೆಮನೆಯಲ್ಲೇ ಆರಬೇಕು. ಇದು ಹೊರಗೆ ಹೋಯಿತು. ಹೋದದ್ದು ಸಂದಿನ ಮೂಲಕ. ಹೊಸ ಕಿಟಕಿಯ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ಬಿಸಿಗೆ ಸೊಟ್ಟಗಾಗಿ ಕಳಚಿ, ಹೊದಿಕೆಯ ಹಿಂದಿನ ಟೊಳ್ಳಿಗೆ ದಾರಿ ಬಿಟ್ಟಿತು. ಅಲ್ಲಿಂದ ಬೆಂಕಿ ಅರ್ಧ ಗಂಟೆಯೊಳಗೆ ಕಟ್ಟಡದ ನೆತ್ತಿ ಮುಟ್ಟಿತು. 72 ಜನ ಸತ್ತರು.

ಆ ಪ್ಯಾನೆಲ್‌ಗಳಿಗೆ ದಾಖಲೆ ಇರಲಿಲ್ಲವೇ? ಇತ್ತು. ಸರ್ ಮಾರ್ಟಿನ್ ಮೂರ್-ಬಿಕ್ ಅವರ ಅಧ್ಯಕ್ಷತೆಯ ಸಾರ್ವಜನಿಕ ವಿಚಾರಣೆಯ ಎರಡನೇ ಹಂತದ ವರದಿ 2024ರ ಸೆಪ್ಟೆಂಬರ್ 4ರಂದು ಹೊರಬಂತು. ಅದರಲ್ಲಿ ಆ ದಾಖಲೆಗಳ ಕಥೆಯನ್ನು ಎಳೆಎಳೆಯಾಗಿ ಬಿಡಿಸಿಟ್ಟಿದ್ದಾರೆ. ಕಟ್ಟಡ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಓದಬೇಕಾದ ವರದಿ ಎಂದು ನಾನು ನಂಬುತ್ತೇನೆ.

ಅಲ್ಯುಮಿನಿಯಂ ಪ್ಯಾನೆಲ್ ತಯಾರಿಸಿದ್ದು ಆರ್ಕಾನಿಕ್ ಸಮೂಹದ ಫ್ರಾನ್ಸ್ ಕಂಪನಿ. ಒಂದೇ ಹಾಳೆಯನ್ನು ಎರಡು ರೀತಿ ಬಳಸಬಹುದಿತ್ತು. ಚಪ್ಪಟೆಯಾಗಿ ರಿವೆಟ್ ಹೊಡೆದು ಕೂರಿಸುವುದು ಒಂದು. ಅಂಚುಗಳನ್ನು ಪೆಟ್ಟಿಗೆಯ ಹಾಗೆ ಮಡಚಿ ಕೊಕ್ಕೆಗೆ ತೂಗುಹಾಕುವ ಕ್ಯಾಸೆಟ್ ರೂಪ ಇನ್ನೊಂದು. ಕ್ಯಾಸೆಟ್ ನೋಡಲು ಚೆಂದ, ರಿವೆಟ್ ತಲೆಗಳು ಕಾಣುವುದಿಲ್ಲ. 2004ರ ಪರೀಕ್ಷೆಯಲ್ಲೇ ಕ್ಯಾಸೆಟ್ ರೂಪ ರಿವೆಟ್ ರೂಪಕ್ಕಿಂತ ತೀರ ಕೆಟ್ಟದಾಗಿ ಉರಿದಿತ್ತು. ವಸ್ತು ಒಂದೇ, ಮಡಚಿದ ರೀತಿ ಮಾತ್ರ ಬೇರೆ. ಬೆಂಕಿಯ ನಡವಳಿಕೆ ಪೂರ್ತಿ ಬೇರೆ. 2008ರಲ್ಲಿ ಬ್ರಿಟನ್ನಿನಲ್ಲಿ ಸಿಕ್ಕ ಪ್ರಮಾಣಪತ್ರದಲ್ಲಿ ಈ ವ್ಯತ್ಯಾಸದ ಸುಳಿವಿರಲಿಲ್ಲ. ಗ್ರೆನ್‌ಫೆಲ್‌ಗೆ ತೊಡಿಸಿದ್ದು ಕ್ಯಾಸೆಟ್.

ಫೋಮ್‌ನ ಕಥೆ ಇನ್ನೂ ನೋವಿನದು. ಹೊದಿಕೆಗಳನ್ನು ಪರೀಕ್ಷಿಸಲು ಬ್ರಿಟನ್ನಿನಲ್ಲಿ ಬಿಎಸ್ 8414 ಎಂಬ ಪರೀಕ್ಷೆಯಿದೆ. ಎಂಟು ಮೀಟರಿಗಿಂತ ಎತ್ತರದ ಗೋಡೆಗೆ ಇಡೀ ಹೊದಿಕೆಯನ್ನು, ನಿಜವಾದ ಕಟ್ಟಡದಲ್ಲಿ ಹೇಗೋ ಹಾಗೆಯೇ, ಎಲ್ಲ ಪದರ ಸಮೇತ ತೊಡಿಸಿ, ಬುಡದಲ್ಲಿ ಕಟ್ಟಿಗೆಯ ರಾಶಿಗೆ ಬೆಂಕಿ ಇಡುತ್ತಾರೆ. ಬಿಡಿ ವಸ್ತುವನ್ನು ಬಿಟ್ಟು ಜೋಡಣೆಯನ್ನೇ ಪರೀಕ್ಷಿಸುವ ಒಳ್ಳೆಯ ವಿಧಾನ. ಸೆಲೋಟೆಕ್ಸ್ ಕಂಪನಿಯ ಫೋಮ್ ಇರುವ ಗೋಡೆ 2014ರ ಫೆಬ್ರುವರಿಯಲ್ಲಿ ಇದರಲ್ಲಿ ಸೋತಿತು. ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆಗಿಟ್ಟರು. ಈ ಸಲ ತಾಪ ಅಳೆಯುವ ತಂತಿಗಳ ಬಳಿ, ಬೆಂಕಿಗೆ ಬಗ್ಗದ ಮೆಗ್ನೀಸಿಯಂ ಆಕ್ಸೈಡ್ ಬೋರ್ಡುಗಳನ್ನು ಒಳಗೆ ಸೇರಿಸಿದ್ದರು. ಗೋಡೆ ಗೆದ್ದಿತು. ಮಾರಾಟದ ಕಾಗದಪತ್ರಗಳಲ್ಲಿ ಆ ಬೋರ್ಡುಗಳ ಸುದ್ದಿಯೇ ಇಲ್ಲ. ಕಿಂಗ್‌ಸ್ಪ್ಯಾನ್ ಕಂಪನಿ ತನ್ನ ಕೆ15 ಫೋಮ್‌ಗೆ 2005ರಲ್ಲಿ ಒಂದು ಪರೀಕ್ಷೆ ಮಾಡಿಸಿತ್ತು. ಮರುವರ್ಷ ಫೋಮ್‌ನ ತಯಾರಿಕೆಯ ವಿಧಾನವನ್ನೇ ಬದಲಿಸಿತು. ಬದಲಾದ ಫೋಮ್ ಆಮೇಲಿನ ಪರೀಕ್ಷೆಗಳಲ್ಲಿ ಸೋತಿತು. ಆದರೂ ಹಳೆಯ ವರದಿಯನ್ನೇ ತೋರಿಸಿ ವರ್ಷಗಟ್ಟಲೆ ಮಾರಿತು; ಆ ವರದಿಯನ್ನು ಹಿಂದಕ್ಕೆ ಪಡೆದದ್ದು 2020ರ ಅಕ್ಟೋಬರಿನಲ್ಲಿ. ತಯಾರಕರದ್ದು ವ್ಯವಸ್ಥಿತ ಅಪ್ರಾಮಾಣಿಕತೆ ಎಂದು ವಿಚಾರಣಾ ವರದಿ ನೇರವಾಗಿಯೇ ಹೇಳಿತು. ಸರ್ಕಾರವನ್ನೂ ಬಿಡಲಿಲ್ಲ. 2001ರಲ್ಲೇ ಸರ್ಕಾರ ಮಾಡಿಸಿದ ದೊಡ್ಡ ಪರೀಕ್ಷೆಯೊಂದರಲ್ಲಿ ಪಾಲಿಥೀನ್ ತಿರುಳಿನ ಅಲ್ಯುಮಿನಿಯಂ ಪ್ಯಾನೆಲ್‌ಗಳು ಉಗ್ರವಾಗಿ ಉರಿದಿದ್ದವು. ಆ ಫಲಿತಾಂಶವನ್ನು ಗುಟ್ಟಾಗಿಟ್ಟರು. ಅದು ಪ್ರಕಟವಾಗಿದ್ದರೆ ಆಮೇಲಿನ ಹದಿನಾರು ವರ್ಷಗಳಲ್ಲಿ ಎಷ್ಟೋ ವಾಸ್ತುಶಿಲ್ಪಿಗಳು ಆ ಪ್ಯಾನೆಲ್ ಹೆಸರು ಬರೆಯುವ ಮುನ್ನ ಪೆನ್ನು ಕೆಳಗಿಡುತ್ತಿದ್ದರು.

ಸುಳ್ಳು ಹೇಳುವವರ ಮಾತು ಅಲ್ಲಿಗಿರಲಿ. ಪ್ರಾಮಾಣಿಕ ತಯಾರಕರಿಗೂ ದಾರಿ ಸುಲಭವಲ್ಲ. ಕುಲುಮೆಯ ಬಾಯಿ ಮೂರು ಮೀಟರ್. ಕಟ್ಟಡದ ಗೋಡೆ ನಾಲ್ಕೂವರೆ ಮೀಟರ್. ಪರೀಕ್ಷೆಯಲ್ಲಿ ಗೋಡೆ ಇಡಿಯಾಗಿತ್ತು. ಮನೆಯಲ್ಲಿ ಅದರಲ್ಲಿ ಸ್ವಿಚ್ ಬೋರ್ಡು, ಪೈಪು, ಕಿಟಕಿ. ಪರೀಕ್ಷೆಯಲ್ಲಿ ಸಂದು ತುಂಬಿದ ಸೀಲಂಟ್ ಒಂದು ಕಂಪನಿಯದು. ಗುತ್ತಿಗೆದಾರನಿಗೆ ಊರಲ್ಲಿ ಸಿಕ್ಕಿದ್ದು ಇನ್ನೊಂದು. ಪ್ರತಿ ಬದಲಾವಣೆಗೂ ಹೊಸ ಪರೀಕ್ಷೆ ಮಾಡಿಸುತ್ತ ಕೂತರೆ ಸಣ್ಣ ಉದ್ದಿಮೆ ಮುಳುಗುತ್ತದೆ. ಹಾಗಾಗಿ ಒಂದು ಪರೀಕ್ಷೆಯ ಫಲವನ್ನು ಎಲ್ಲಿಯವರೆಗೆ ಹಿಗ್ಗಿಸಬಹುದು ಎಂಬುದಕ್ಕೆ ನಿಯಮಗಳಿವೆ. ಕೆಲವು ಬದಲಾವಣೆಗಳು ಖಚಿತವಾಗಿ ಸುರಕ್ಷಿತ ದಿಕ್ಕಿನವು: ಪರೀಕ್ಷಿಸಿದ್ದಕ್ಕಿಂತ ಗಿಡ್ಡ ಗೋಡೆ, ಒಂದು ಬೋರ್ಡು ಹೆಚ್ಚಿಗೆ. ಕೆಲವು ಹಾಗಲ್ಲ. ಎತ್ತರ ಹೆಚ್ಚಾದರೆ ಗೋಡೆ ಬಿಸಿಗೆ ಹೆಚ್ಚು ಬಾಗುತ್ತದೆ, ಬಾಗಿದರೆ ಸಂದು ತೆರೆದುಕೊಳ್ಳುತ್ತದೆ. ಅದನ್ನು ಕುರ್ಚಿಯಲ್ಲಿ ಕೂತು ಊಹಿಸಲಾಗದು. ಗ್ರೆನ್‌ಫೆಲ್‌ಗೆ ಮೊದಲು ಬ್ರಿಟನ್ನಿನಲ್ಲಿ ‘ಹೋಲುವ ಗೋಡೆಯೊಂದು ಗೆದ್ದಿದೆ, ಆದ್ದರಿಂದ ಇದೂ ಗೆಲ್ಲುತ್ತದೆ’ ಎಂದು ಪರಿಣತರೊಬ್ಬರು ಬರೆದುಕೊಟ್ಟ ಪತ್ರದ ಮೇಲೆಯೇ ಕೆಲಸ ನಡೆಯುತ್ತಿತ್ತು. ಆಮೇಲೆ ಅದಕ್ಕೆ ಬಿಗಿಯಾದ ಮಿತಿ ಬಂತು. 2018ರ ಕೊನೆಯಲ್ಲಿ, ಇಂಗ್ಲೆಂಡಿನಲ್ಲಿ 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳ ಹೊರಗೋಡೆಗಳಲ್ಲಿ ಹೊತ್ತಿ ಉರಿಯುವ ವಸ್ತುಗಳನ್ನೇ ನಿಷೇಧಿಸಿದರು.

ಕಾರ್ಖಾನೆಯಲ್ಲಿ ಎರಕ ಹೊಯ್ದು ತರುವ ಕಾಂಕ್ರೀಟ್ ಭಾಗಗಳಿಗೆ, ಅಂದರೆ ಪ್ರೀಕಾಸ್ಟ್‌ಗೆ, ಇಂಥ ಭಯವಿಲ್ಲ ಎಂದುಕೊಳ್ಳುವವರು ಬಹಳ. ಹೊತ್ತಿಕೊಳ್ಳುವ ಭಯವಿಲ್ಲ, ನಿಜ. ಆದರೆ ಬಲವಾದ, ಸಾಂದ್ರವಾದ ಕಾಂಕ್ರೀಟಿನೊಳಗಿನ ತೇವ ಬೆಂಕಿಯಲ್ಲಿ ಆವಿಯಾದಾಗ ಹೊರಹೋಗಲು ದಾರಿಯಿಲ್ಲದೆ ಮೇಲ್ಮೈಯನ್ನು ಸಿಡಿಸಿ ಕಳಚುತ್ತದೆ. ಕವರ್ ಹೋಗಿ ಕಂಬಿ ನೇರವಾಗಿ ಬೆಂಕಿಗೆ ತೆರೆದುಕೊಳ್ಳುತ್ತದೆ. ಅದಕ್ಕೆ ಪಾಲಿಪ್ರೊಪಿಲೀನ್ ಎಳೆಗಳನ್ನು ಕಾಂಕ್ರೀಟಿಗೆ ಬೆರೆಸುವ ಉಪಾಯವಿದೆ. ಬಿಸಿಗೆ ಅವು ಮೊದಲು ಕರಗಿ ಆವಿಗೆ ಸಣ್ಣ ಸಣ್ಣ ದಾರಿ ಬಿಡುತ್ತವೆ. ಎಳೆ ಬೆರೆಸಿದ ಮಿಶ್ರಣಕ್ಕೆ ಸಿಕ್ಕ ಫಲಿತಾಂಶ ಎಳೆ ಇಲ್ಲದ ಮಿಶ್ರಣಕ್ಕೆ ಸಲ್ಲದು.

ನಮ್ಮಲ್ಲಿಗೆ ಬರೋಣ. 2017ರಲ್ಲಿ ಬೆಂಗಳೂರಿನ ಇಂದಿರಾ ಕ್ಯಾಂಟೀನ್‌ಗಳು ಪ್ರೀಕಾಸ್ಟ್ ಭಾಗಗಳಿಂದ ದಿನಗಳ ಲೆಕ್ಕದಲ್ಲಿ ಎದ್ದು ನಿಂತದ್ದನ್ನು ಊರೆಲ್ಲ ನೋಡಿದೆ. 2023ರ ಆಗಸ್ಟ್‌ನಲ್ಲಿ ಹಲಸೂರಿನ ಕೇಂಬ್ರಿಡ್ಜ್ ಲೇಔಟ್‌ನಲ್ಲಿ ತ್ರೀಡಿ ಪ್ರಿಂಟ್ ಮಾಡಿದ ಅಂಚೆ ಕಚೇರಿ ಉದ್ಘಾಟನೆಯಾಯಿತು. 2021ರ ಜನವರಿ 1ರಂದು ಪ್ರಧಾನಿ ಆರು ನಗರಗಳಲ್ಲಿ ಶಂಕುಸ್ಥಾಪನೆ ಮಾಡಿದ ಲೈಟ್ ಹೌಸ್ ಎಂಬ ವಸತಿ ಯೋಜನೆಗಳಲ್ಲಿ ಆರೂ ಕಡೆ ಒಂದೊಂದು ಹೊಸ ತಂತ್ರ. ಇಂದೋರಿನ 1,024 ಮನೆಗಳಿಗೆ ಸಿಮೆಂಟಿನಲ್ಲಿ ಥರ್ಮೋಕೋಲ್ ಮಣಿಗಳನ್ನು ಬೆರೆಸಿ ಎರಡು ಕಡೆ ಸಿಮೆಂಟ್ ಬೋರ್ಡು ಮುಚ್ಚಿದ ಸ್ಯಾಂಡ್‌ವಿಚ್ ಪ್ಯಾನೆಲ್. ಅಗರ್ತಲಾದಲ್ಲಿ ಹಗುರ ಉಕ್ಕು. ರಾಂಚಿಯಲ್ಲಿ ಪೂರ್ತಿ ಕೋಣೆಗಳೇ ಕಾರ್ಖಾನೆಯಲ್ಲಿ. ಸಿಮೆಂಟಿನೊಳಗಿನ ಮಣಿಯೂ ತಗಡಿನ ನಡುವಿನ ಥರ್ಮೋಕೋಲ್ ಹಲಗೆಯೂ ಬೆಂಕಿಯಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ‘ಥರ್ಮೋಕೋಲ್ ಮನೆ’ ಎಂದು ಒಂದೇ ಹೆಸರಿಟ್ಟು ಹೆದರುವುದೂ ತಪ್ಪು, ಧೈರ್ಯ ತಾಳುವುದೂ ತಪ್ಪು. ಮನೆಯಿಲ್ಲದ ಇಷ್ಟು ಜನರಿರುವ ದೇಶಕ್ಕೆ ಬೇಗ ಕಟ್ಟುವ ತಂತ್ರಗಳು ಬೇಕೇ ಬೇಕು. ಅವು ಬರಲಿ ಎಂಬುದೇ ನನ್ನ ಆಸೆ.

ಪುರಾವೆಯ ವ್ಯವಸ್ಥೆಯೂ ನಮ್ಮಲ್ಲಿ ಇಲ್ಲದಿಲ್ಲ. ಗೋಡೆ, ಕಂಬಗಳ ಅಗ್ನಿನಿರೋಧಕ ಪರೀಕ್ಷೆಗೆ ಐಎಸ್ 3809 ಎಂಬ ಭಾರತೀಯ ಮಾನಕವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ಅಗ್ನಿ ಪ್ರಯೋಗಾಲಯವಿದೆ. ಮಾನಕವೇ ಇಲ್ಲದ ಹೊಸ ತಂತ್ರಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಕೆಲಸವನ್ನು ಕೇಂದ್ರ ಸರ್ಕಾರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿ (ಬಿಎಂಟಿಪಿಸಿ) ಮಾಡುತ್ತದೆ. ಆ ಪ್ರಮಾಣಪತ್ರಗಳಲ್ಲಿ ಯಾವ ಬಳಕೆಗೆ ಒಪ್ಪಿಗೆ, ಯಾವ ಮಿತಿಯೊಳಗೆ ಎಂಬುದನ್ನು ಬರೆದಿರುತ್ತಾರೆ. ನನ್ನ ಚಿಂತೆ ಇರುವುದು ಆ ಕಾಗದಕ್ಕೂ ಕಾಮಗಾರಿಗೂ ನಡುವಿನ ದಾರಿಯಲ್ಲಿ. ನಗರ ಪಾಲಿಕೆ ನಕ್ಷೆ ನೋಡುತ್ತದೆ. ಎತ್ತರದ ಕಟ್ಟಡಕ್ಕೆ ನಿರಾಕ್ಷೇಪಣಾ ಪತ್ರ ಕೊಡುವ ಅಗ್ನಿಶಾಮಕ ಇಲಾಖೆಯ ಕಣ್ಣು ಹೆಚ್ಚಾಗಿ ಇರುವುದು ರಸ್ತೆಯ ಅಗಲ, ಮೆಟ್ಟಿಲು, ನೀರಿನ ಟ್ಯಾಂಕು, ಪಂಪು, ಹೈಡ್ರಂಟ್‌ಗಳ ಮೇಲೆ. ಎಲ್ಲವೂ ಬೇಕಾದವೇ. ಆದರೆ ಪ್ಯಾನೆಲ್‌ನ ಸಂದಿನಲ್ಲಿ ತುಂಬಿದ್ದು ಬೆಂಕಿಗೆ ಉಬ್ಬಿ ಮುಚ್ಚಿಕೊಳ್ಳುವ ಸೀಲಂಟೋ, ಬೆಂಕಿಗೆ ಕರಗಿ ಹೋಗುವ ಸಾಧಾರಣ ಫೋಮೋ ಎಂಬುದನ್ನು ನೋಡುವ ಕೆಲಸ ಯಾರ ಪಾಲಿಗೂ ಸ್ಪಷ್ಟವಾಗಿ ಬಂದಿಲ್ಲ.

ರಂಧ್ರದ ಬೆಲೆ ಬೆಂಗಳೂರಿಗೆ ಗೊತ್ತಿದೆ. 2010ರ ಫೆಬ್ರುವರಿ 23ರಂದು ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದ ವಿದ್ಯುತ್ ಡಕ್ಟ್‌ನಲ್ಲಿ ಹುಟ್ಟಿದ ಬೆಂಕಿಯ ಹೊಗೆ ಅದೇ ಡಕ್ಟ್ ಹಿಡಿದು ಮೇಲಿನ ಮಹಡಿಗಳಿಗೆ ನುಗ್ಗಿತು. ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಅದು ಪ್ರಿಫ್ಯಾಬ್ ಕಟ್ಟಡವಲ್ಲ. ಆದರೆ ಮಹಡಿಯಿಂದ ಮಹಡಿಗೆ ಹೋಗುವ ಕೇಬಲ್ಲಿನ ಸುತ್ತ ಮುಚ್ಚದೆ ಬಿಟ್ಟ ಜಾಗ ಏನು ಮಾಡಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಟೊಳ್ಳು ಪ್ಯಾನೆಲ್‌ಗಳ ಕಟ್ಟಡದಲ್ಲಿ ಅಪಾಯ ಇನ್ನೂ ಹೆಚ್ಚು. ಮನೆಗೆ ಬಂದ ಮೇಲೆ ಮಾಲೀಕರು ಎಸಿ ಹಾಕಿಸುತ್ತಾರೆ. ಎಸಿಯವನು ಡ್ರಿಲ್ ಹಿಡಿದು, ಪರೀಕ್ಷೆಯಲ್ಲಿ ಎರಡು ಗಂಟೆ ಗೆದ್ದ ಗೋಡೆಯಲ್ಲಿ ಎರಡೂವರೆ ಇಂಚಿನ ತೂತು ಕೊರೆದು, ತಾಮ್ರದ ಪೈಪು ತೂರಿಸಿ, ಸುತ್ತ ಒಂದಿಷ್ಟು ಬಿಳಿ ಸಿಮೆಂಟ್ ಮೆತ್ತಿ ಹೋಗುತ್ತಾನೆ. ಅವನ ತಪ್ಪಿಲ್ಲ, ಅವನಿಗೆ ಯಾರೂ ಹೇಳಿಲ್ಲ. ಇಂಥ ಗೋಡೆಗೆ ಎಲ್ಲಿ ಕೊರೆಯಬಹುದು, ಕೊರೆದ ಮೇಲೆ ಏನು ತುಂಬಬೇಕು ಎಂಬ ಸೂಚನೆ ಕಟ್ಟಡದ ಜೊತೆಗೇ, ಕನ್ನಡದಲ್ಲಿಯೂ ಹಿಂದಿಯಲ್ಲಿಯೂ, ಬರಬೇಕು. ಗೋಡೆಯ ಮೇಲೆಯೇ ಅಚ್ಚು ಹಾಕಿದರೂ ಸರಿಯೇ.

ಬ್ರಿಟನ್ 2022ರಲ್ಲಿ ತಂದ ಕಟ್ಟಡ ಸುರಕ್ಷತಾ ಕಾಯ್ದೆಯಲ್ಲಿ, ಎತ್ತರದ ವಸತಿ ಕಟ್ಟಡಗಳ ವಿನ್ಯಾಸದಿಂದ ಹಿಡಿದು ವಾಸದವರೆಗಿನ ಎಲ್ಲ ಮಾಹಿತಿಯನ್ನೂ ಡಿಜಿಟಲ್ ರೂಪದಲ್ಲಿ ಕಾಯ್ದಿಡುವ, ಯಾವ ಬದಲಾವಣೆ ಯಾರು ಏಕೆ ಮಾಡಿದರು ಎಂದು ದಾಖಲಿಸುವ ಹೊಣೆಯನ್ನು ಹೆಸರು ಹಿಡಿದು ಹೊರಿಸಿದೆ. ನಮ್ಮ ರಾಜ್ಯ ಅಷ್ಟು ದೊಡ್ಡ ಕಾಯ್ದೆಗೆ ಕಾಯಬೇಕಿಲ್ಲ. ಹೊಸ ಪ್ಯಾನೆಲ್ ಬಳಸುವ ಬಹುಮಹಡಿ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಕೆಲವು ಕಾಗದಗಳನ್ನು ಕಡ್ಡಾಯ ಮಾಡಿದರೆ ಸಾಕು. ಒಂದು ಪುಟದ ಪ್ರಮಾಣಪತ್ರ ಸಾಲದು, ಪೂರ್ತಿ ಪರೀಕ್ಷಾ ವರದಿ ಬೇಕು, ಅದರಲ್ಲಿನ ಸಂದಿನ ಚಿತ್ರ ಸಮೇತ. ಕಟ್ಟುತ್ತಿರುವ ಗೋಡೆ ಆ ವರದಿಯ ಗೋಡೆಗಿಂತ ಎಲ್ಲೆಲ್ಲಿ ಬೇರೆ ಎಂಬ ಟಿಪ್ಪಣಿಗೆ ಎಂಜಿನಿಯರ್ ಸಹಿ ಹಾಕಬೇಕು. ಸಂದು ಮುಚ್ಚುವ ಮುನ್ನ ತೆಗೆದ ಫೋಟೊಗಳು ಮಹಡಿ, ದಿನಾಂಕ ಸಹಿತ ಇರಬೇಕು.

ಇನ್ನೊಂದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಆ ಉತ್ಪನ್ನ ಈವರೆಗೆ ಸೋತ ಪರೀಕ್ಷೆಗಳ ವರದಿಗಳನ್ನೂ ತಯಾರಕರು ಸಲ್ಲಿಸಬೇಕು, ಬಿಎಂಟಿಪಿಸಿಯಂಥ ಸಂಸ್ಥೆ ಅವನ್ನು ಯಾರು ಬೇಕಾದರೂ ಓದುವಂತೆ ಇಡಬೇಕು. ಸೋಲು ನಾಚಿಕೆಯಲ್ಲ, ಮೊದಲ ಪ್ರಯತ್ನಕ್ಕೇ ಗೆದ್ದ ಪ್ಯಾನೆಲ್ ಅಪರೂಪ. ಸಂದು 40ನೇ ನಿಮಿಷಕ್ಕೆ ತೆರೆದುಕೊಂಡಿತು, ಆಮೇಲೆ ಸೀಲಂಟ್ ಬದಲಿಸಿ ಸ್ಕ್ರೂಗಳ ಅಂತರ ಕಡಿಮೆ ಮಾಡಿದೆವು, 90 ನಿಮಿಷ ನಿಂತಿತು ಎಂದು ತಯಾರಕರೊಬ್ಬರು ಬರೆದಿಟ್ಟರೆ, ಆ ಕಟ್ಟಡದ ಮೇಸ್ತ್ರಿಗೆ ಯಾವ ಸ್ಕ್ರೂವನ್ನು ಬಿಡಬಾರದು ಎಂಬುದು ಕಾರಣ ಸಮೇತ ತಿಳಿಯುತ್ತದೆ.